ಮಿಲಿಗ್ರಾಂನ ಕ್ಲಚ್ ಪ್ಲೇಟು

‘ಒರಿಜಿನಲ್ ಸಿಗ್ತಿಲ್ಲ’ ಎಂಬ ಒಂದೇ ವಾಕ್ಯದ ನೆರಳಿನಲ್ಲಿ ಮಿಲಿಗ್ರಾಂ ಎಂಟು ತಿಂಗಳು ಹಾಯಾಗಿದ್ದ.

ಮಿಲಿಗ್ರಾಂ ಎಂಬುದು ಆಫೀಸಿನವರು ಇಟ್ಟ ಹೆಸರು. ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಅವನು ಕೆಮಿಸ್ಟ್. ಚಹಾದ ಸಕ್ಕರೆಯನ್ನೂ ತೂಗಿ ಹಾಕಿಕೊಳ್ಳುವವನು. ಇಂಥವನು ಕಲ್ಲುಗುಡ್ಡ ಹತ್ತುವ ಹಳೆಯ ಬೈಕೊಂದನ್ನು ಕೊಂಡದ್ದು, ಅದರ ಎತ್ತರದ ಮಡ್‌ಗಾರ್ಡ್ ಚಂದ ಕಂಡಿತೆಂದು, ಅಷ್ಟೆ. ಆದರೆ ಅವನ ಸಾಹೇಬರಿಗೆ ಗುಡ್ಡದ ಹುಚ್ಚು. ಪ್ರತಿ ತಿಂಗಳ ಮೊದಲ ಭಾನುವಾರ ಬೈಕಿರುವ ಸಿಬ್ಬಂದಿಯನ್ನೆಲ್ಲ ಕಟ್ಟಿಕೊಂಡು ಊರಾಚೆಯ ಬೋಳುಗುಡ್ಡಕ್ಕೆ ಹೊರಟುಬಿಡುತ್ತಿದ್ದರು. ಬಲ್ಬು ಬದಲಿಸಲು ಸ್ಟೂಲ್ ಹತ್ತಿದರೂ ಮಿಲಿಗ್ರಾಂಗೆ ತಲೆ ತಿರುಗುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಿದರೆ ಮಾನ ಉಳಿಯುವುದುಂಟೇ? ಬೈಕಿನ ಕ್ಲಚ್ ಪ್ಲೇಟ್ ಸವೆದಿದೆ, ಏರು ಕಂಡರೆ ಇಂಜಿನ್ ಕೂಗುತ್ತದೆಯೇ ಹೊರತು ಚಕ್ರ ತಿರುಗುವುದಿಲ್ಲ, ಒರಿಜಿನಲ್ ಸಿಗುವವರೆಗೆ ತಾನು ಬರುವ ಹಾಗಿಲ್ಲ ಎನ್ನುತ್ತಿದ್ದ. ಕ್ಲಚ್ ಸವೆದದ್ದು ನಿಜವೇ. ಹುಡುಕದೆ ಇದ್ದದ್ದೂ ನಿಜ.

ಆ ಶನಿವಾರ ಬೆಳಿಗ್ಗೆ, ನೀರಿನ ಸ್ಯಾಂಪಲ್ ತರುವ ವ್ಯಾನಿನ ಡ್ರೈವರ್ ಬಾಟಲಿಗಳ ಜೊತೆಗೆ ಒಂದು ಹೊಸ ಡಬ್ಬಿಯನ್ನೂ ಮೇಜಿನ ಮೇಲಿಟ್ಟ.

“ತಗೊಳ್ಳಿ ಸಾರ್. ನಿಮ್ಮ ಕ್ಲಚ್ ಪ್ಲೇಟ್. ನಾಳೆ ಗುಡ್ಡಕ್ಕೆ ನೀವೂ ಬಂದಂಗಾಯ್ತು.”

ಡಬ್ಬಿಯ ಮೇಲೆ ಕಂಪನಿಯ ಹೆಸರು, ಪಾರ್ಟ್ ನಂಬರು, ಓರೆಯಾಗಿ ಹಿಡಿದರೆ ಬಣ್ಣ ಬದಲಿಸುವ ಹಾಲೊಗ್ರಾಂ ಸ್ಟಿಕ್ಕರ್, ಎಲ್ಲವೂ ಇದ್ದವು. ಮಿಲಿಗ್ರಾಂನ ಎದೆ ಬಾವಿಗೆ ಬಿದ್ದ ಕೊಡದಂತೆ ಗುಳುಗುಳು ಎಂದಿತು. ಅವನು ಡ್ರಾಯರಿನಿಂದ ವರ್ನಿಯರ್ ಕ್ಯಾಲಿಪರ್ ತೆಗೆದು ಪ್ಲೇಟಿನ ದಪ್ಪ ಅಳೆದ.

“ಮೂರು ಮಿಲಿಮೀಟರ್ ಇರಬೇಕು. ಎರಡು ಪಾಯಿಂಟ್ ಒಂಬತ್ತು ಎಂಟು ಇದೆ. ನಕಲಿ.”

“ಅಷ್ಟು ವ್ಯತ್ಯಾಸಕ್ಕೆ ಏನಾಗತ್ತೆ ಸಾರ್?”

“ಕುಡಿಯೋ ನೀರಲ್ಲಿ ಸೀಸ ಎಷ್ಟಿದ್ರೆ ವಿಷ ಅಂತ ನಿನಗೆ ಗೊತ್ತಾ?”

ಡ್ರೈವರ್ ಡಬ್ಬಿ ಮುಚ್ಚಿ ಪಕ್ಕಕ್ಕಿಟ್ಟ. ಅಷ್ಟು ವ್ಯತ್ಯಾಸ ನಡೆಯುತ್ತದೆಂದು ಕಂಪನಿಯ ಪುಸ್ತಕದಲ್ಲೇ ಬರೆದಿತ್ತು. ಆ ಸಾಲನ್ನು ಮಿಲಿಗ್ರಾಂ ಓದಿ ಹೇಳಲಿಲ್ಲ.

ಸುದ್ದಿ ಕೇಳಿದ ಟೈಪಿಸ್ಟ್ ಮೇಡಂ ಸುಮ್ಮನಿರುವವರಲ್ಲ. ತಮ್ಮ ನಾದಿನಿಯ ಗಂಡನಿಗೆ ಬಿಡಿಭಾಗಗಳ ಅಂಗಡಿ ಇದೆಯೆಂದು ಫೋನ್ ಮಾಡಿ, ಒಂದು ಗಂಟೆಯೊಳಗೆ ಅಂಥದೇ ಸ್ಟಿಕ್ಕರಿನ ಇನ್ನೊಂದು ಡಬ್ಬಿ ತರಿಸಿದರು. ಇದರ ದಪ್ಪ ಕರಾರುವಾಕ್ಕಾಗಿ ಮೂರು. ಮಿಲಿಗ್ರಾಂ ಬೆವರಿದ. ಕೊನೆಗೆ ಭೂತಕನ್ನಡಿ ಹಿಡಿದು, ಪಾರ್ಟ್ ನಂಬರಿನಲ್ಲಿರುವ ಏಳರ ಕಾಲು ಕೊಂಚ ಬಾಗಿದೆ, ಕಂಪನಿಯ ಏಳು ಹೀಗಿರುವುದಿಲ್ಲ ಎಂದ. ಮೇಡಂಗೆ ಕೋಪ ಬರಬೇಕಿತ್ತು. ಆದರೆ ಇಪ್ಪತ್ತು ವರ್ಷ ಅಕ್ಷರ ಕುಟ್ಟಿದ ಅವರೂ ಕನ್ನಡಿಯಲ್ಲಿ ಇಣುಕಿ, “ಹೌದಲ್ವೇ, ಈ ಏಳು ಸರಿಯಿಲ್ಲ ಕಣ್ರಿ” ಎಂದು ನಾದಿನಿಯ ಗಂಡನಿಗೆ ಫೋನಿನಲ್ಲೇ ಜಾಡಿಸಿದರು.

ಮೂರನೆಯದನ್ನು, ಅದೂ ಸ್ಟಿಕ್ಕರಿನದೇ, ಮಿಲಿಗ್ರಾಂನ ಹೆಂಡತಿಯ ತಮ್ಮ ತಂದ. ಅದನ್ನು ಗಾಜಿನ ಬಾಗಿಲಿನ ಸೂಕ್ಷ್ಮ ತಕ್ಕಡಿಯಲ್ಲಿಟ್ಟು, ಯಾರೂ ಉಸಿರಾಡಬಾರದೆಂದು ಹೇಳಿ, ಒಂಬತ್ತು ಮಿಲಿಗ್ರಾಂ ಹೆಚ್ಚಿದೆಯೆಂದು ತೀರ್ಪು ಕೊಟ್ಟದ್ದಾಯಿತು. “ಭಾವ, ಕಣ್ಣು ಅಂದ್ರೆ ನಿಮ್ಮದು ಬಿಡಿ” ಎಂದು ಅವನು ಹೆಮ್ಮೆಯಿಂದ ಬೀಗಿದ. ಮಧ್ಯಾಹ್ನದ ಹೊತ್ತಿಗೆ ಪಕ್ಕದ ಆಫೀಸಿನವರು ಸ್ಪಾರ್ಕ್ ಪ್ಲಗ್ಗು, ಬ್ರೇಕ್ ಶೂ ಹಿಡಿದು ಸಾಲು ನಿಂತಿದ್ದರು. ಒಬ್ಬರು ಮಾವ ಕೊಟ್ಟ ಕೈಗಡಿಯಾರ ಬಿಚ್ಚಿಕೊಂಡು ಬಂದು, ಅಸಲಿಯೋ ಅಲ್ಲವೋ ಕಿವಿಯಲ್ಲಿ ಹೇಳಿದರೆ ಸಾಕು ಎಂದರು. ಪರೀಕ್ಷೆಯಾಗಬೇಕಾದ ನೀರು ಬಾಟಲಿಗಳಲ್ಲಿ ಹೊರರೋಗಿಗಳಂತೆ ಕಾಯುತ್ತಿತ್ತು.

ಆಗ ಸಾಹೇಬರು ಕರೆಸಿದರು.

“ನಿನ್ನ ನಿಷ್ಠೆ ನೋಡಿ ಸಂತೋಷ ಆಯ್ತು. ಪಾರ್ಟ್ ಸಿಗದಿದ್ರೆ ಚಿಂತೆ ಬೇಡ. ನಾಳೆ ನನ್ನ ಹಿಂದೆ ಕೂತ್ಕೋ.”

ಸಾಹೇಬರು ಬೈಕ್ ಓಡಿಸುವಾಗ ಹಿಂದೆ ಕೂತವರ ಮುಖ ನೋಡಿಕೊಂಡೇ ಮಾತಾಡುತ್ತಾರೆಂಬುದು ಆಫೀಸಿಗೆಲ್ಲ ಗೊತ್ತಿತ್ತು. ಹೋದ ತಿಂಗಳು ಅವರ ಹಿಂದೆ ಕೂತಿದ್ದ ಅಕೌಂಟೆಂಟ್ ಈಗಲೂ ಮೆಟ್ಟಿಲನ್ನು ಕೂತುಕೊಂಡೇ ಇಳಿಯುತ್ತಿದ್ದ.

ಈಗ ಪಾರ್ಟ್ ಸಿಕ್ಕರೂ ಗುಡ್ಡ, ಸಿಗದಿದ್ದರೂ ಗುಡ್ಡ. ಮಿಲಿಗ್ರಾಂ ಪ್ರಯೋಗಾಲಯದ ಮೂಲೆಯಲ್ಲಿ ನಿಂತು ಯೋಚಿಸಿದ. ಯೋಚಿಸಿದಂತೆ ಮುಖ ಅರಳಿತು. ನಕಲಿ ಪ್ಲೇಟೊಂದನ್ನು ಒರಿಜಿನಲ್ ಎಂದು ಹಾಕಿಸಿಕೊಂಡರೆ? ಮೊದಲ ಏರಿನಲ್ಲೇ ಅದು ಸುಟ್ಟು ಹೊಗೆಯಾಡುತ್ತದೆ. ತಾನು ಸಪ್ಪೆ ಮುಖ ಮಾಡಿಕೊಂಡು, ಬೈಕನ್ನು ತಳ್ಳುತ್ತ, ಮರ್ಯಾದೆಯಾಗಿ ಸಮತಟ್ಟಾದ ರಸ್ತೆಯಲ್ಲಿ ಮನೆಗೆ ಹೋಗಬಹುದು. ಬೆಳಗಿನ ಮೂರು ಡಬ್ಬಿಗಳು ಅಸಲಿ ಎಂದೇ ಅವನ ನಂಬಿಕೆ. ಆದ್ದರಿಂದ ನಕಲಿ ಹುಡುಕಿಕೊಂಡು ತಾನೇ ಹೊರಟ.

ಮಾರುಕಟ್ಟೆಯ ಹಿಂದಿನ ಓಣಿಯ ಕೊನೆಯಲ್ಲಿ, ತುಕ್ಕಿನ ಗುಡ್ಡೆಯ ನಡುವೆ ಮುದುಕರೊಬ್ಬರ ಅಂಗಡಿ ಇತ್ತು. ಮಿಲಿಗ್ರಾಂ ಬೈಕಿನ ಮಾಡೆಲ್ ಹೇಳಿ, ಅತ್ತಿತ್ತ ನೋಡಿ, ದನಿ ತಗ್ಗಿಸಿದ.

“ಯಜಮಾನ್ರೇ, ಇದಕ್ಕೆ ಕ್ಲಚ್ ಪ್ಲೇಟ್ ಬೇಕಿತ್ತು. ಡೂಪ್ಲಿಕೇಟ್ ಇದೆಯಾ? ಇರೋದ್ರಲ್ಲಿ ಕೆಟ್ಟದ್ದು ಕೊಡಿ.”

ಮುದುಕರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ತಮ್ಮ ಅಂಗಡಿಯಲ್ಲಿ ಈವರೆಗೆ ಯಾರೂ ಹೀಗೆ ಕೇಳಿಲ್ಲವೆಂದು ಗೊಣಗುತ್ತ ಕೆಳಗಿನ ಕಪಾಟಿಗೆ ಕೈ ಹಾಕಿ, ಕಂದು ಕಾಗದದ ಒಂದು ಪೊಟ್ಟಣ ಎಳೆದರು. ಇದೊಂದೇ ಉಳಿದಿದೆ, ನೋಡಿದವರೆಲ್ಲ ಬೇಡವೆಂದು ಬಿಟ್ಟುಹೋಗುತ್ತಾರೆ ಎಂದರು. ಸ್ಟಿಕ್ಕರಿಲ್ಲ, ಡಬ್ಬಿಯಿಲ್ಲ, ನಂಬರನ್ನು ಯಾರೋ ಪೆನ್ಸಿಲಿನಲ್ಲಿ ಗೀಚಿದ್ದರು. ಇಂಥ ಪರಿಪೂರ್ಣ ನಕಲಿಯನ್ನು ಮಿಲಿಗ್ರಾಂ ಕನಸಿನಲ್ಲೂ ಕಂಡಿರಲಿಲ್ಲ. ಎದೆಗವಚಿಕೊಂಡು ಬಂದ.

ಆಫೀಸಿನಲ್ಲಿ ಎಲ್ಲರೆದುರು ಅಳೆದ, ತೂಗಿದ, ಕೊನೆಗೆ ಹೇಳಿದ. “ಇದೇ ಒರಿಜಿನಲ್.”

ಚಪ್ಪಾಳೆ ಬಿತ್ತು. ಸಂಜೆ ಮೆಕ್ಯಾನಿಕ್ ಹತ್ತಿರ ಹೋಗುವಾಗ ಸಾಹೇಬರು, ಡ್ರೈವರ್, ಮೇಡಂ, ಭಾವಮೈದುನ, ಎಲ್ಲರೂ ದಿಬ್ಬಣದಂತೆ ಹಿಂದೆ ಬಂದರು. ಮೆಕ್ಯಾನಿಕ್ ಪೊಟ್ಟಣ ಬಿಚ್ಚಿದವನು ಕೈ ಒರೆಸಿಕೊಂಡು ಪ್ಲೇಟನ್ನು ಮತ್ತೆ ಮತ್ತೆ ತಿರುಗಿಸಿ ನೋಡಿದ.

“ಎಲ್ಲಿ ಸಿಕ್ತು ಸಾರ್ ಇದು? ಕಂಪನಿಯ ಹಳೇ ಲಾಟು. ಆಗೆಲ್ಲ ಹೀಗೇ ಕಂದು ಕಾಗದದಲ್ಲಿ ಬರ್ತಿತ್ತು. ಈ ಮಾಡೆಲ್ ಮಾಡೋದು ನಿಂತ ಮೇಲೆ ತಾನೇ ಹಾಲೊಗ್ರಾಂ ಸ್ಟಿಕ್ಕರ್ ಶುರುವಾಗಿದ್ದು. ಇದಕ್ಕೆ ಸ್ಟಿಕ್ಕರ್ ಹಚ್ಚಿರೋದು ಯಾವುದು ಕಂಡ್ರೂ ಕಣ್ಣುಮುಚ್ಚಿ ನಕಲಿ ಅನ್ನಬಹುದು.”

“ಅಂದ್ರೆ ಬೆಳಗಿನ ಮೂರೂ ನಕಲಿ” ಎಂದ ಡ್ರೈವರ್, ಭಕ್ತಿಯಿಂದ. “ಸಾರ್ ಮೂರನ್ನೂ ಹಿಡಿದುಬಿಟ್ರು.”

ಮಿಲಿಗ್ರಾಂ ಹತ್ತಿರದ ಟೈರಿನ ಮೇಲೆ ಕುಸಿದು ಕೂತ. ತಪ್ಪು ಲೆಕ್ಕ ಹಾಕಿ ಹಾಕಿಯೂ ಪ್ರತಿ ಸಲ ಸರಿ ಉತ್ತರವೇ ಬಂದ ವಿದ್ಯಾರ್ಥಿ ಅವನೊಬ್ಬನೇ ಇರಬೇಕು. ಅವನ ಕಣ್ಣಲ್ಲಿ ಜಿನುಗಿದ ನೀರನ್ನು ಆನಂದಬಾಷ್ಪವೆಂದುಕೊಂಡು ಮೇಡಂ ಕರ್ಚೀಫು ಕೊಟ್ಟರು.

ಅರ್ಧ ಗಂಟೆಯಲ್ಲಿ ಪ್ಲೇಟು ಕೂತಿತು. ಮೆಕ್ಯಾನಿಕ್ ಕ್ಲಚ್ ಬಿಟ್ಟದ್ದೇ ತಡ, ಬೈಕು ಹಗ್ಗ ಹರಿದ ಕರುವಿನಂತೆ ಅಂಗಳದ ಮಣ್ಣುದಿಬ್ಬ ಏರಿ ನೆತ್ತಿಯ ಮೇಲೆ ನಿಂತಿತು. ಸಾಹೇಬರು ಮಿಲಿಗ್ರಾಂನ ಹೆಗಲು ತಟ್ಟಿ, ಇಂಥ ಕ್ಲಚ್ ಇರುವಾಗ ಬಳಸುದಾರಿ ಏಕೆ, ನಾಳೆ ನೇರ ಬಂಡೆಯ ಕಡೆಯಿಂದಲೇ ಹತ್ತೋಣ ಎಂದರು.

“ಭಯ ಪಡಬೇಡಿ ಸಾರ್” ಎಂದು ಮೆಕ್ಯಾನಿಕ್ ಕೀಲಿ ಕೈಗಿಟ್ಟ. “ನೀವು ಬೇಡ ಅಂದ್ರೂ ಇದು ಮೇಲಕ್ಕೆ ಹತ್ತಿಸಿಯೇ ಬಿಡತ್ತೆ.”