ನಾನು ಬೀಡಿಂಗ್ ಅಂಟಿಸಿದ್ದು

ನಮ್ಮ ಕಾರಿನ ಹಿಂದಿನ ಗಾಜಿನ ಮೇಲಂಚಿಗೆ ಒಂದು ಕಪ್ಪು ರಬ್ಬರ್ ಪಟ್ಟಿಯಿದೆ. ಬೀಡಿಂಗ್ ಎನ್ನುತ್ತಾರೆ. ಅದರ ಒಂದು ತುದಿ ಕಿತ್ತುಬಂದು, ಕಾರು ಸ್ವಲ್ಪ ಜೋರಾಗಿ ಓಡಿದರೆ ಸಾಕು, ಪಟಪಟ ಎಂದು ಗಾಜಿಗೆ ಬಡಿಯುತ್ತಿತ್ತು. ಅದಕ್ಕಿಂತ ಹೆಚ್ಚು ಸದ್ದು ನನ್ನ ಹೆಂಡತಿಯದು. (ಅವಳು ಇದನ್ನು ಓದುವುದಿಲ್ಲವೆಂಬ ಧೈರ್ಯದಿಂದ ಬರೆಯುತ್ತಿದ್ದೇನೆ.)

"ಮೆಕ್ಯಾನಿಕ್ ಹತ್ರ ಹೋಗೋಣ ರೀ."

"ಒಂದು ಪಟ್ಟಿ ಅಂಟಿಸೋಕೆ ಮೆಕ್ಯಾನಿಕ್ಕಾ? ನಾನೇನು ಸತ್ತೋಗಿದ್ದೀನಾ?"

"ನೀವು ನಲ್ಲಿ ರಿಪೇರಿ ಮಾಡಿದಾಗಿನಿಂದ ಕೆಳಗಿನ ಮನೆಯವ್ರು ನಮ್ಮ ಜೊತೆ ಮಾತು ಬಿಟ್ಟಿದ್ದಾರೆ."

ರಿಪೇರಿಯಲ್ಲಿ ನನ್ನದೊಂದು ಮಹಾಸಿದ್ಧಾಂತವಿದೆ: ಒಂದು ಮೊಳೆ ಸಾಕೆನ್ನುವ ಕಡೆ ನಾಲ್ಕು ಹೊಡೆ. ನಾನು ಕೂರಿಸಿದ ಕನ್ನಡಿಯನ್ನು ಹಳೆಯ ಮನೆಯ ಗೋಡೆಯಲ್ಲೇ ಬಿಟ್ಟುಬರಬೇಕಾಯಿತು. ಅಷ್ಟು ಭದ್ರ!

ಅವಳು ಟೈಲರ್. ಶಾಲೆಯೊಂದರ ಮಕ್ಕಳ ನಾಟಕಕ್ಕೆ ಇಪ್ಪತ್ತನಾಲ್ಕು ವೇಷ ಹೊಲಿದಿದ್ದಳು. ಸಂಜೆ ನಾಲ್ಕಕ್ಕೆ ತಲುಪಿಸಬೇಕು, ನಾಲ್ಕೂವರೆಗೆ ನಾಟಕ. ಹೆಡ್‌ಮೇಡಂ ಮೆಚ್ಚಿದರೆ ಮುಂದಿನ ವರ್ಷದ ಯೂನಿಫಾರ್ಮ್ ಎಲ್ಲ ಅವಳಿಗೇ. ಒಂದು ತಿಂಗಳಿನಿಂದ ಅವಳ ಬಾಯಲ್ಲಿ ಬೇರೆ ಮಾತಿರಲಿಲ್ಲ.

ಮಧ್ಯಾಹ್ನ ವೇಷಗಳನ್ನೆಲ್ಲ ಡಿಕ್ಕಿಗೆ ತುಂಬಿ ಮುಚ್ಚಿದಳು. ನಾನು ಗಮ್ ಹಿಡಿದು ಹೊರಟೆ.

"ರೀ, ಒಂದ್ನಿಮಿಷ ಕೇಳಿ, ಡಿಕ್ಕಿಯಲ್ಲಿ..."

"ಕೆಲಸಗಾರನ ಹತ್ರ ಮಾತಾಡಬಾರದು."

"ಅಲ್ಲ ರೀ, ಅದರ..."

"ಶ್!"

ಒಂದು ಟ್ಯೂಬ್ ಸಾಕೆಂದು ಅಂಗಡಿಯವನು ಹೇಳಿದ್ದ. ನಾನು ನಾಲ್ಕು ಸುರಿದೆ. ಪಟ್ಟಿಯ ಕೆಳಗೆ, ಮೇಲೆ, ಅದರಾಚೆ ಕಂಡ ಸಂದಿಗೂ ತುಂಬಿದೆ. ಒತ್ತಿ ಹಿಡಿದು ಮೂರು ಸಿನಿಮಾ ಹಾಡು ಮುಗಿಸಿದೆ.

ದಾರಿಯುದ್ದಕ್ಕೂ ಒಂದು ಪಟ್ ಇಲ್ಲ. "ಪರವಾಗಿಲ್ಲ ರೀ" ಎಂದಳು. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಸಿಕ್ಕ ಮೊದಲ ಪ್ರಶಸ್ತಿ. ನಾನು ಉಬ್ಬಿಹೋದೆ.

ಶಾಲೆಯಂಗಳದಲ್ಲಿ ಅವಳು ಡಿಕ್ಕಿ ಎತ್ತಿದಳು. ಏಳಲಿಲ್ಲ. ನಾನು ಎತ್ತಿದೆ. ಡ್ರಿಲ್ ಮಾಸ್ತರರೂ ಎತ್ತಿದರು. ಕಾರೇ ಮೇಲೆದ್ದಿತು, ಡಿಕ್ಕಿ ಏಳಲಿಲ್ಲ. ನಾನು ಗಮ್ ತುಂಬಿದ ಆ ಸಂದಿ, ಹಿಂದಿನ ಗಾಜಿನ ಸಮೇತ ಮೇಲೇಳುವ ಡಿಕ್ಕಿಯ ಬಾಗಿಲಿಗೂ ಕಾರಿನ ಚಾವಣಿಗೂ ನಡುವಿನದು.

ಅವಳ ಕಣ್ಣಲ್ಲಿ ನೀರು ತುಂಬಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹಿಂದಿನ ಸೀಟಿನ ಬೆನ್ನನ್ನು ಅರ್ಧ ಮಡಚಿ, ತಲೆ ಮುಂದಾಗಿ ಡಿಕ್ಕಿಯೊಳಗೆ ತೆವಳಿದೆ. ನನ್ನ ಕಾಲೆರಡು ಕಾರಿನ ಬಾಗಿಲಿನಿಂದ ಹೊರಗೆ. ಒಂದೊಂದೇ ರಾಜ, ಮಂತ್ರಿ, ನರಿ, ಆಮೆಯನ್ನು ಹಿಂದಕ್ಕೆ ದಾಟಿಸಿದೆ. ಒಂದೊಂದು ಹೊರಬಂದಾಗಲೂ ಮಕ್ಕಳ ಚಪ್ಪಾಳೆ.

"ಇವರೂ ನಾಟಕದಲ್ಲಿ ಇದ್ದಾರಾ?" ಹೆಡ್‌ಮೇಡಂ ದನಿ.

"ಇಲ್ಲ ಮೇಡಂ, ಇವರು ಯಾವಾಗಲೂ ಹೀಗೇ" ಎಂದಳು ನನ್ನವಳು. ದನಿಯಲ್ಲಿ ನಗುವಿತ್ತು. ಜೀವ ಬಂದಂತಾಯಿತು.

ಇಪ್ಪತ್ತನಾಲ್ಕೂ ಹೊರಬಂದವು. ತಳದಲ್ಲಿ ಇನ್ನೊಂದು ಉದ್ದನೆಯ ಪ್ಯಾಕೆಟ್ ಸಿಕ್ಕಿತು.

"ಇದ್ಯಾರ ವೇಷ ಕಣೇ?"

"ಅದೇ ರೀ ನಾನು ಹೇಳೋಕೆ ಬಂದಿದ್ದು! ಹೊಸ ಬೀಡಿಂಗು. ಬೆಳಿಗ್ಗೆ ಮೆಕ್ಯಾನಿಕ್ ಕೊಟ್ಟ. ಗಮ್ಮೇ ಬೇಡವಂತೆ, ಸುಮ್ನೆ ಒತ್ತಿದ್ರೆ ಕೂರುತ್ತಂತೆ."

ಕತ್ತಲಲ್ಲೇ ಮೊಬೈಲ್ ಬೆಳಕು ಹಿಡಿದು ನೋಡಿದೆ. ಪ್ಯಾಕೆಟ್ಟಿನ ಮೇಲೆ ಮೆಕ್ಯಾನಿಕ್ಕನ ದಪ್ಪ ಅಕ್ಷರ: 'ಯಜಮಾನರ ಕೈಗೆ ಕೊಡಬೇಡಿ.'