ಅಗಡಿಯಿಂದ ಗುತ್ತಲಕ್ಕೆ ಹೊರಟ ಮೋಡ

ದಿನ ಎಂಬುದು ಎಲ್ಲಿಂದ ಶುರುವಾಗುತ್ತದೆ ಎಂದು ಯಾರಾದರೂ ಕೇಳಿದರೆ, ನನ್ನ ಮಟ್ಟಿಗೆ ಎರಡನೆಯ ಚಹಾದಿಂದ ಎಂದು ಪ್ರಾಮಾಣಿಕವಾಗಿ ಹೇಳಬಲ್ಲೆ. ಮೊದಲನೆಯ ಚಹಾ ನಿನ್ನೆಯ ಖಾತೆಗೆ ಸೇರಿದ್ದು. ಮನುಷ್ಯರಾದವರು ಇಂಥ ಪ್ರಶ್ನೆಗೆ ತೋಚಿದ ಉತ್ತರ ಕೊಟ್ಟುಕೊಂಡು ಸುಖವಾಗಿ ಬಾಳಬಹುದು. ಕಂಪ್ಯೂಟರಿಗೆ ಆ ಸುಖವಿಲ್ಲ. ತಾರೀಖು ಬರೆದು ವೇಳೆ ಬರೆಯದಿದ್ದರೆ, ಅದು ಸಂಭವಿಸಿದ್ದು ಸರಿಯಾಗಿ ಮಧ್ಯರಾತ್ರಿಗೇ ಎಂದು ಅದು ತಿಳಿದುಕೊಳ್ಳುತ್ತದೆ. ಈ ಸಂಗತಿ ತಿಳಿಯದೆ ನಾನು ವಿಜ್ಞಾನಿಯಾಗಲು ಹೊರಟಿದ್ದೆ.

ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ಹಾವೇರಿಯ ಒಂದು ಕಚೇರಿಯಲ್ಲಿ ಮಳೆಯ ಲೆಕ್ಕ ಇಡುವ ಗುಮಾಸ್ತ ನಾನು. ಸುತ್ತಲಿನ ಊರುಗಳಲ್ಲಿ ಮಳೆಮಾಪಕಗಳಿದ್ದವು. ದಿನವೂ ಮುಂಜಾನೆ ಎಂಟೂವರೆಗೆ ನೀರು ಅಳೆದು ವಹಿಯಲ್ಲಿ ಬರೆಯಬೇಕು. ಅಗಡಿಯದನ್ನು ಒಬ್ಬ ನಿವೃತ್ತ ಮಾಸ್ತರರು ನೋಡಿಕೊಳ್ಳುತ್ತಿದ್ದರು, ಗುತ್ತಲದ್ದನ್ನು ಇಮಾಮಸಾಬರು. ಹಾವೇರಿಯ ಮಾಪಕ ನಮ್ಮ ಕಚೇರಿಯ ಹಿತ್ತಲಲ್ಲೇ ಇತ್ತು, ಅಳೆಯುವವನು ನಾನೇ. ಅಳೆದ ಮಳೆಯನ್ನು ಯಾವ ತಾರೀಖಿಗೆ ಬರೆಯಬೇಕೆಂದು ಮೇಲಿನವರು ಇಂಗ್ಲಿಷಿನಲ್ಲಿ ಒಂದು ಪುಸ್ತಿಕೆ ಕಳಿಸಿದ್ದರು. ಅದನ್ನು ಕನ್ನಡಕ್ಕೆ ತಂದು ಹಳ್ಳಿಗಳಿಗೆ ಹಂಚುವ ಕೆಲಸವೂ ನನ್ನದೇ. ಪುಸ್ತಿಕೆ ನನ್ನ ಕಪಾಟಿನಲ್ಲಿ ಅತ್ಯಂತ ಸುರಕ್ಷಿತವಾಗಿತ್ತು.

ಅಷ್ಟರಲ್ಲಿ ರಾಣೆಬೆನ್ನೂರಿನ ಕಾಲೇಜೊಂದಕ್ಕೆ ಕಂಪ್ಯೂಟರ್ ಬಂತು, ಅದರೊಳಗೆ ಸಂಖ್ಯಾಶಾಸ್ತ್ರದ ಒಂದು ಪ್ರೋಗ್ರಾಮು. ಅದನ್ನು ನೋಡಿಕೊಳ್ಳುತ್ತಿದ್ದ ಸರೋಜಾ ಮೇಡಂ ನನ್ನ ವಹಿಗಳನ್ನೆಲ್ಲ ಅದಕ್ಕೆ ಉಣಿಸಿದರು. ಮೊದಲ ದಿನ ಬಂದ ಫಲಿತಾಂಶದ ಪ್ರಕಾರ ನಮ್ಮ ಸೀಮೆಯಲ್ಲಿ ಪ್ರತಿ ತಿಂಗಳೂ ಒಂದರಿಂದ ಹನ್ನೆರಡನೆಯ ತಾರೀಖಿನವರೆಗೆ ಮಾತ್ರ ಮಳೆ ಬೀಳುತ್ತಿತ್ತು. ನಾನು ದಂಗಾದೆ. ಮೇಡಂ ನಕ್ಕರು. “ಇದು ಅಮೆರಿಕಾದ್ದರಿ ಸರ್. ಇದಕ್ಕ ಮೊದಲ ತಿಂಗಳು ಬೇಕು, ಆಮ್ಯಾಲೆ ದಿನ. ನಿಮ್ಮ ಹದಿಮೂರನೇ ತಾರೀಖನ್ನ ಹದಿಮೂರನೇ ತಿಂಗಳು ಅಂತ ತಿಳಕೊಂಡು ಹೊರಗ ಹಾಕೇತಿ.” ಅದನ್ನು ಸರಿಪಡಿಸಿದ ಮೇಲೆ, ಇನ್ನು ಇದರಲ್ಲಿ ತಪ್ಪಾಗಲು ಏನೂ ಉಳಿದಿಲ್ಲವೆಂದು ನಾನು ಘೋಷಿಸಿದೆ.

ಆಗ ಕಂಡಿತು ನನ್ನ ಮಹಾಶೋಧ. ಅಗಡಿಯಲ್ಲಿ ದೊಡ್ಡ ಮಳೆ ಬಿದ್ದ ಮರುದಿನವೇ ಗುತ್ತಲದಲ್ಲಿ ಮಳೆ! ಒಂದು ಸಲವಲ್ಲ, ವರ್ಷಗಟ್ಟಲೆ. ಬಸ್ಸು ಹಾವೇರಿಯಲ್ಲಿ ಚಹಾಕ್ಕೆ ನಿಂತು, ಡ್ರೈವರನ ಬೀಗರನ್ನು ಮಾತಾಡಿಸಿ ಹೊರಟರೂ ಎರಡು ತಾಸಿನಲ್ಲಿ ತಲುಪುವ ದಾರಿಗೆ ಮೋಡ ಯಾಕೆ ಪೂರ್ತಿ ಒಂದು ದಿನ ತೆಗೆದುಕೊಳ್ಳುತ್ತದೆ ಎಂಬ ಸಣ್ಣ ಸಂಶಯ ಬಂದಿತ್ತು. ಮೋಡಕ್ಕೇನು ಆತುರ ಎಂದು ಅದನ್ನು ಅಲ್ಲೇ ಅಡಗಿಸಿದೆ. ಹಾವೇರಿಯ ಅಂಕಿಗಳನ್ನು ಮುಟ್ಟಲಿಲ್ಲ. ಸ್ವಂತ ಹಿತ್ತಲಿನ ಮೇಲೆ ಸಂಶೋಧನೆ ಮಾಡುವುದು ಗಂಭೀರ ವಿದ್ವಾಂಸರ ಲಕ್ಷಣವಲ್ಲ. ಮೆಣಸಿನಕಾಯಿ ಒಣಹಾಕುವ ಕಾಲ ಬೇರೆ. ಅಕಾಲದ ಒಂದು ಮಳೆ ಬಿದ್ದರೆ ವರ್ಷದ ದುಡಿಮೆ ಕಪ್ಪಾಗುತ್ತದೆ. ಬ್ಯಾಡಗಿಯಲ್ಲಿ ಸೋಮವಾರ ಬೆಳೆಗಾರರ ಸಭೆ, ನನ್ನದೇ ಭಾಷಣ. ‘ಅಗಡಿಯಲ್ಲಿ ಮಳೆಯಾಗದಿದ್ದರೆ ಗುತ್ತಲದವರು ಮರುದಿನ ನಿಶ್ಚಿಂತೆಯಿಂದ ಕಾಯಿ ಹರವಬಹುದು’ ಎಂದು ಸಾರುವವನಿದ್ದೆ.

ಸಭೆಗೆ ಮೊದಲು, ಗುರುವಾರ ಸಂಜೆ, ಇಮಾಮಸಾಬರಿಗೆ ಈ ಶುಭವಾರ್ತೆ ತಿಳಿಸಲು ಗುತ್ತಲಕ್ಕೆ ಹೋದೆ. ಅವರ ಮಾಳಿಗೆಯ ತುಂಬ ಕೆಂಪಗೆ ಮೆಣಸಿನಕಾಯಿ. ಪಡುವಣದಲ್ಲಿ ಕರ್ರಗೆ ಮೋಡ. ಮನೆಮಂದಿಯೆಲ್ಲ ಚೀಲ ಹಿಡಿದು ಮೇಲೆ ಓಡುತ್ತಿದ್ದರು.

“ಗಡಿಬಿಡಿ ಬ್ಯಾಡ ಇಮಾಮಸಾಬ್ರ, ನಿನ್ನೆ ಅಗಡಿಯಾಗ ಒಂದು ಹನಿ ಬಿದ್ದಿಲ್ಲ,” ಎಂದೆ.

“ಅಗಡಿಯಾಗ ನಮ್ಮ ಕಾಯಿ ಇಲ್ಲಲ್ರಿ ಸಾಹೇಬ್ರ! ಮೊದಲ ಒಂದು ಚೀಲಾ ಹಿಡೀರಿ, ಆಮ್ಯಾಲೆ ಕುಂತು ಶಾಸ್ತ್ರ ಹೇಳೀರಂತ.”

ವಿಜ್ಞಾನ ಚೀಲ ಹಿಡಿಯಿತು. ಕೊನೆಯ ಮುಷ್ಟಿ ಕಾಯಿ ಒಳಗೆ ಬಂದಾಗ ಹೊತ್ತು ಮುಳುಗಿತ್ತು. ಮಸೀದಿಯ ಬಾಂಗ್ ಮುಗಿಯುವುದಕ್ಕೂ ಮಳೆ ಧೋ ಎಂದು ಸುರಿಯುವುದಕ್ಕೂ ಸರಿಹೋಯಿತು. ಕೈ, ಕಣ್ಣು, ಸಿದ್ಧಾಂತ ಮೂರೂ ಉರಿಯುತ್ತಿದ್ದವು. ಚಹಾ ಬಂತು.

“ಗುರುವಾರದ ಮಳಿ ಜೋರಾತು ನೋಡ್ರಿ,” ಎಂದೆ, ಏನಾದರೂ ಅನ್ನಬೇಕಲ್ಲ.

“ಗುರುವಾರ ಎಲ್ಲೈತ್ರಿ? ಹೊತ್ತು ಮುಳುಗಿತು, ಶುಕ್ರವಾರ ಹತ್ತಿತು. ನಮ್ಮಲ್ಲಿ ರಾತ್ರಿ ಮೊದಲ, ಹಗಲು ಆಮ್ಯಾಲೆ. ನಾಳೆ ಮುಂಜಾನೆ ಅಳದು ಶುಕ್ರವಾರಕ್ಕ ಬರೀತೇನಿ. ಇಪ್ಪತ್ತು ವರ್ಷ ಹಂಗ ಬರಕೋತ ಬಂದೇನಿ.”

ಹಾಗಾದರೆ ಅಗಡಿಯ ಮಾಸ್ತರರು ಇದೇ ಮಳೆಯನ್ನು ಯಾವ ವಾರಕ್ಕೆ ಬರೆಯುತ್ತಾರೆ? ಮರುದಿನ ಮುಂಜಾನೆ ಮೊದಲ ಬಸ್ಸಿಗೇ ಅಗಡಿಗೆ ಹೋದೆ. ಅಲ್ಲಿಯೂ ರಾತ್ರಿ ಅದೇ ಮಳೆ ಬಿದ್ದಿತ್ತು. ಮಾಸ್ತರರು ಸ್ನಾನ ಮುಗಿಸಿ, ನೀರು ಅಳೆದು, ಮುತ್ತಿನಂಥ ಅಕ್ಷರದಲ್ಲಿ ಗುರುವಾರದ ಸಾಲಿಗೆ ಬರೆಯುತ್ತಿದ್ದರು.

“ಮಾಸ್ತರ, ಇವತ್ತು ಶುಕ್ರವಾರಲ್ರಿ?”

“ಮಳಿ ಬಂದಾಗ ಸೂರ್ಯ ಹುಟ್ಟಿದ್ದನೇನು? ಸೂರ್ಯ ಹುಟ್ಟೂತನಕ ಗುರುವಾರನ. ಇಷ್ಟೂ ಗೊತ್ತಿಲ್ಲದ ನಿನಗ ನೌಕರಿ ಯಾರು ಕೊಟ್ಟರಪಾ?”

ನಮ್ಮ ಕಡೆ ದೊಡ್ಡ ಮಳೆಗಳು ಬರುವುದು ಹೊತ್ತು ಮುಳುಗಿದ ಮೇಲೆಯೇ. ಒಂದೇ ರಾತ್ರಿ, ಒಂದೇ ಮೋಡ. ಅಗಡಿಯಲ್ಲಿ ಗುರುವಾರ, ಗುತ್ತಲದಲ್ಲಿ ಶುಕ್ರವಾರ. ನನ್ನ ಮೋಡ ಇಪ್ಪತ್ತು ವರ್ಷ ಪ್ರಯಾಣ ಮಾಡಿದ್ದು ಎರಡು ಪಂಚಾಂಗಗಳ ನಡುವೆ. ಕಪಾಟಿನ ಪುಸ್ತಿಕೆಯನ್ನು ಮೊದಲ ಬಾರಿಗೆ ತೆರೆದೆ: ಯಾವ ಮುಂಜಾನೆ ಅಳೆದೆವೋ ಆ ತಾರೀಖಿಗೇ ಬರೆಯಬೇಕು. ಎಂದರೆ ಇಮಾಮಸಾಬರು ತಮ್ಮದೇ ಕಾರಣಕ್ಕೆ ಸರಿ, ಮಾಸ್ತರರು ತಮ್ಮದೇ ಕಾರಣಕ್ಕೆ ತಪ್ಪು, ನಾನು ಯಾವ ಕಾರಣವೂ ಇಲ್ಲದೆ ವಿಜ್ಞಾನಿ.

ಶನಿವಾರ ರಾಣೆಬೆನ್ನೂರಿಗೆ ಹೋಗಿ ತಪ್ಪೊಪ್ಪಿಕೊಂಡೆ. ಕಂಪ್ಯೂಟರಿಗೆ ತಾರೀಖೆಂದರೆ ಬರೀ ಒಂದು ಅಂಕಿಯಂತೆ. ಮೇಡಂ ಅಗಡಿಯ ದಿನಗಳಿಗೆಲ್ಲ ಒಂದೊಂದು ಕೂಡಿಸಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ಮಹಾಶೋಧ ಮಾಯ. ಎದ್ದು ಹೊರಡುವಾಗ ಅವರು ಕರೆದರು.

“ಸರ್, ವಾರದ ಪ್ರಕಾರನೂ ತೆಗದು ನೋಡಿದೆರಿ. ಅಗಡಿ, ಗುತ್ತಲದಾಗ ಏಳೂ ದಿನ ಮಳಿ ಐತಿ. ಹಾವೇರ್ಯಾಗ ಮಾತ್ರ ಒಂದ ಒಂದು ಆಯಿತವಾರನೂ ಹನಿ ಬಿದ್ದಿಲ್ಲ, ಸೋಮವಾರ ಡಬಲ್ ಬಿದ್ದೈತಿ. ಎಷ್ಟು ಚಂದ ಅಲ್ರಿ? ಅಲ್ಲಿ ಅಳಿಯೋರು ಯಾರು?”

ಬಸ್ಸಿನ ವೇಳೆಯಾಯಿತೆಂದು ಹೇಳಿ ಹೊರಬಿದ್ದೆ. ಸೋಮವಾರ ಬ್ಯಾಡಗಿಯಲ್ಲಿ ನನ್ನ ಭಾಷಣ ಒಂದೇ ವಾಕ್ಯದ್ದಾಗಿತ್ತು: ಮೋಡ ಕಂಡರೆ ಮೆಣಸಿನಕಾಯಿ ಒಳಗೆ ತನ್ನಿ. ಮುಂದಿನ ಸಾಲಿನ ಒಬ್ಬ ಅಜ್ಜ, “ನಮ್ಮವ್ವನೂ ಇದನ್ನ ಹೇಳತಿದ್ದಳ್ರಿ,” ಎಂದು ಮೆಚ್ಚಿಕೊಂಡ.

ಅದಕ್ಕೂ ಹಿಂದಿನ ದಿನ, ಭಾನುವಾರ, ಕಚೇರಿಗೆ ರಜೆಯಿದ್ದರೂ ಎಂಟೂವರೆಗೆ, ಎರಡನೆಯ ಚಹಾ ಬಿಟ್ಟು ಕಚೇರಿಯ ಹಿತ್ತಲಿಗೆ ಹೋಗಿ ಅಳೆದು ಬಂದಿದ್ದೆ. ಆಮೇಲೆ ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ಆ ವರ್ಷದಿಂದ ಹಾವೇರಿಯಲ್ಲಿ ಭಾನುವಾರವೂ ಮಳೆ ಬೀಳತೊಡಗಿತು. ಹವಾಮಾನ ಬದಲಾದದ್ದು ಯಾವಾಗಿನಿಂದ ಎಂದು ಮುಂದೆ ಯಾರಾದರೂ ವಿದ್ವಾಂಸರು ತಲೆಕೆಡಿಸಿಕೊಂಡರೆ, ನನ್ನನ್ನು ಬಂದು ಕೇಳಲಿ. ವಾರ, ತಾರೀಖು, ವೇಳೆ ಮೂರನ್ನೂ ಖಚಿತವಾಗಿ ಹೇಳಬಲ್ಲೆ.