ಕ್ಯಾಲನೂರಿನ ಮೇಲೆ ನಾಲ್ಕು ವಿಮಾನ

ಆಕಾಶದಲ್ಲಿ ವಿಮಾನಗಳ ಸಂದಣಿ ಎಷ್ಟಿದೆ, ಯಾವುದು ಎಷ್ಟು ತಡವಾಗಿ ಇಳಿಯುತ್ತದೆ ಎಂದು ಹೇಳಲು ದೊಡ್ಡ ದೊಡ್ಡ ಯಂತ್ರಗಳು ಬೇಕಂತೆ. ನನಗೆ ಕ್ಯಾಲನೂರಿನ ನಮ್ಮ ಮನೆ ತಾರಸಿ ಸಾಕು!

ಈ ವಿದ್ಯೆ ನಾನು ಕಲಿತದ್ದು ಹಾಲಿನ ಡೈರಿಯಲ್ಲಿ. ಚಿಕ್ಕಂದಿನಲ್ಲಿ ಅಮ್ಮ ಹಾಲು ಕರೆಯಲು ಕೂರುವ ಮುಂಚೆ ನನ್ನನ್ನು ಡೈರಿಗೆ ಓಡಿಸುತ್ತಿದ್ದಳು. ಸಾಲಿನಲ್ಲಿದ್ದ ಕ್ಯಾನುಗಳನ್ನು ಎಣಿಸಿ ಬಂದು, "ಇನ್ನೂ ಅರ್ಧ ಗಂಟೆ ಇದೆಯಮ್ಮಾ" ಎನ್ನುತ್ತಿದ್ದೆ. ಅವಳು ಅದನ್ನೇ ನಂಬಿ ನಿಧಾನವಾಗಿ ಕರೆಯುತ್ತಿದ್ದಳು. ಒಂದು ಲೋಟ ನೊರೆಹಾಲು ನನ್ನ ಸಂಬಳ.

ಅದೇ ಅಮ್ಮ ಹೋದ ತಿಂಗಳು ಕಾಶಿಯಾತ್ರೆ ಮುಗಿಸಿ, ಜೀವನದಲ್ಲಿ ಮೊದಲ ಸಲ ವಿಮಾನದಲ್ಲಿ ಬರುತ್ತಿದ್ದಳು. ನಾಲ್ಕು ಗಂಟೆಗೆ ಬೆಂಗಳೂರಿನಲ್ಲಿ ಇಳಿಯಬೇಕು. ಎರಡೂವರೆಗೇ ನನ್ನ ಹೆಂಡತಿ ಶಾರದೆ ಕಾರಿನ ಕೀ ಹಿಡಿದು ನಿಂತಳು.

"ಹೊರಡ್ರೀ, ಪಾಪ ಅತ್ತೆ ಒಬ್ರೇ ಕಾಯ್ತಾರೆ."

"ಇರೇ, ಮೊದ್ಲು ಸಾಲು ನೋಡ್ಬೇಕು" ಎಂದು ತಾರಸಿ ಹತ್ತಿದೆ. ಕೀ ಹಿಡಿದುಕೊಂಡೇ ಅವಳೂ ಹಿಂದೆ ಹತ್ತಿದಳು.

ಮೂರೂವರೆಯ ಹೊತ್ತಿಗೆ ಅಂತರಗಂಗೆ ಬೆಟ್ಟದ ಕಡೆಯಿಂದ ಒಂದು ವಿಮಾನ ಬಂದು, ತಿರುಗಿ, ಮೋಡದಲ್ಲಿ ಮರೆಯಾಯಿತು. ಸ್ವಲ್ಪ ಹೊತ್ತಿಗೆ ಎರಡನೆಯದು. ಆಮೇಲೆ ಮೂರನೆಯದು. ನಾಲ್ಕು!

"ನೋಡೇ, ಮುಂದೆ ನಾಲ್ಕಿವೆ, ಅಮ್ಮಂದು ಐದನೇದು! ಐದೂವರೆ ಆಗ್ದೆ ಇಳಿಯಲ್ಲ. ಕಾಫಿ ತಗೊಂಡ್ಬಾ."

"ನಾಲ್ಕೂ ಒಂದೇ ಬಣ್ಣ ಇದಾವಲ್ರೀ?"

"ಒಂದೇ ಕಂಪನಿದಿರ್ಬೇಕು ಬಿಡೇ!"

ಕಾಫಿ ಕುಡಿದು, ಸಾವಕಾಶವಾಗಿ ಹೊರಟು, ಆರು ಗಂಟೆಗೆ ಸರಿಯಾಗಿ ವಿಮಾನ ನಿಲ್ದಾಣ ತಲುಪಿದೆವು. ಅಮ್ಮ ಹೊರಬಾಗಿಲ ಪಕ್ಕ, ಗಂಗೆಯ ತಂಬಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಫೋನು ಚಾರ್ಜಿಲ್ಲದೆ ಸತ್ತಿತ್ತು. ಜೊತೆಗೆ ಬಂದಿದ್ದ ಮುಳಬಾಗಿಲಿನವರು ತಮ್ಮ ವ್ಯಾನಿಗೆ ಕರೆದರೂ ಹತ್ತಿರಲಿಲ್ಲವಂತೆ.

"ನನ್ ಮಗ ಬರ್ತಾನೆ ಅಂದ್ಬಿಟ್ಟೆ ಕಣೋ. ಒಂದೂವರೆ ಗಂಟೆ ಆಯ್ತು ಕೂತು."

ನೆಲ ಬಿರಿದು ಒಳಗೆ ಹೋಗಬಾರದೇ ಎನಿಸಿತು. ಆದರೂ ನನ್ನ ವಿದ್ಯೆಯನ್ನು ಬಿಟ್ಟುಕೊಡಲಿಲ್ಲ!

"ಮೇಲೆ ಭಾರೀ ರಶ್ ಇತ್ತಲ್ವೇನಮ್ಮಾ?"

"ಏನ್ ರಶ್ಶೋ, ಸುತ್ತ ಒಂದು ಕಾಗೇನೂ ಕಾಣ್ಲಿಲ್ಲ. ಇಳಿಯಕ್ಕೆ ಜಾಗ ಆಗ್ಲಿ ಅಂತ ನಮ್ದನ್ನೇ ಅಂತರಗಂಗೆ ಬೆಟ್ಟದ ಹತ್ರ ನಾಲ್ಕು ಸುತ್ತು ಸುತ್ತಿಸಿದ್ರು. ನಮ್ಮೂರ ಕೆರೆ ಕಾಣ್ತು. ನೀನು ಆಗ್ಲೇ ಹೊರಟಿರ್ತೀಯ ಅಂದ್ಕೊಂಡೆ."

ಶಾರದೆ ನನ್ನ ಮುಖ ನೋಡುತ್ತಾ, ಒಂದೊಂದೇ ಬೆರಳು ಮಡಚಿ ನಾಲ್ಕರವರೆಗೆ ಎಣಿಸಿದಳು.

ಹೆತ್ತ ತಾಯಿ ತಲೆಯ ಮೇಲೆ ನಾಲ್ಕು ಸಲ ಹಾದುಹೋಗಿದ್ದಾಳೆ. ಮಗ ಕೆಳಗೆ ಕೂತು, ಅವಳು ಬರುವುದು ಇನ್ನೂ ತಡ ಎಂದು ಕಾಫಿ ಕುಡಿಯುತ್ತಿದ್ದಾನೆ!